ಶಿಮಾಜು ಮನೆತನ: ಗೆಳೆಯನಿಗೊಂದು ಪತ್ರ

ಪ್ರೀತಿಯ ಮಂಜು,

ಜಪಾನ್ ಟ್ರಿಪ್‌ಗೆ ಮುಂಚೆ ಯಾವ ಸಮುರಾಯ್ ಮನೆತನದ ಬಗ್ಗೆ ಓದ್ಲಿ ಅಂತ ಕೇಳಿದ್ಯಲ್ಲ, ನನ್ನ ಕೇಳಿದ್ರೆ ಶಿಮಾಜು. ಎಲ್ರೂ ತೊಕುಗಾವಾ ತೊಕುಗಾವಾ ಅಂತಾರೆ, ಅವರು ಇಡೀ ಜಪಾನ್ ಆಳಿದ್ದು 260 ಚಿಲ್ರೆ ವರ್ಷ, ಆದ್ರೆ ಇವ್ರು ದಕ್ಷಿಣದ ತುದೀಲಿರೋ ಸತ್ಸುಮಾದಲ್ಲಿ, ಅಂದ್ರೆ ಈಗಿನ ಕಾಗೊಶಿಮಾ ಕಡೆ, 12ನೇ ಶತಮಾನದ ಕೊನೆಯಿಂದ 1871ರಲ್ಲಿ ಸಂಸ್ಥಾನಗಳನ್ನೇ ರದ್ದು ಮಾಡೋ ತನಕ ಬೇರು ಬಿಟ್ಟು ಕೂತಿದ್ರು ಕಣೋ!

1600ರ ಸೆಕಿಗಹಾರಾ ಯುದ್ಧದಲ್ಲಿ ಇವರದ್ದು ತೊಕುಗಾವಾ ವಿರುದ್ಧ ಸೋತ ಪಕ್ಷ. ಇವರ ದಂಡು ನಡೆಸ್ತಿದ್ದ ಶಿಮಾಜು ಯೊಶಿಹಿರೊಗೆ ಆಗ್ಲೇ 60 ದಾಟಿತ್ತು, ಜೊತೆಗಿದ್ದೋರೆಲ್ಲಾ ದಿಕ್ಕಾಪಾಲಾದ್ಮೇಲೆ ಈ ಮುದುಕ ಹಿಂದಕ್ಕೆ ಓಡ್ಲಿಲ್ಲ, ಶತ್ರು ಸೈನ್ಯದ ಮಧ್ಯದಿಂದ್ಲೇ ನುಗ್ಗಿ ಊರ ದಾರಿ ಹಿಡಿದ. ಅಟ್ಟಿಸ್ಕೊಂಡು ಬರೋರನ್ನ ತಡೆಯೋಕೆ ಒಂದಷ್ಟು ಜನ ಬಂದೂಕು ಹಿಡಿದು ದಾರೀಲೇ ಕೂರೋದು, ಅವ್ರು ಸತ್ರೆ ಮುಂದೆ ಇನ್ನೊಂದಷ್ಟು ಜನ ಕೂರೋದು, ಹಿಂಗೇ. ತಮ್ಮನ ಮಗ ತೊಯೊಹಿಸಾನೂ ಅಲ್ಲೇ ಸತ್ತ. ಓದಿದಾಗ್ಲೆಲ್ಲಾ ಮೈ ಜುಮ್ಮನ್ನುತ್ತೆ.

ಆದ್ರೆ ನಾನು ಹೇಳ್ಬೇಕು ಅಂತಿರೋದು ಸಕ್ಕರೆ ವಿಷ್ಯ. 1609ರಲ್ಲಿ ಇವ್ರು ರ್ಯೂಕ್ಯೂ ರಾಜ್ಯದ, ಅಂದ್ರೆ ಈಗಿನ ಒಕಿನಾವಾ ಕಡೆಯ ದ್ವೀಪಗಳ ಮೇಲೆ ದಂಡೆತ್ತಿ ಹೋಗಿ ರಾಜ ಶೋ ನೇಯನ್ನ ಹಿಡ್ಕೊಂಡು ಬಂದ್ರು, ಆ ರಾಜ್ಯದ ಉತ್ತರಕ್ಕಿದ್ದ ಅಮಾಮಿ ದ್ವೀಪಗಳನ್ನ ತಾವೇ ಇಟ್ಕೊಂಡ್ರು. ಆಮೇಲೆ 19ನೇ ಶತಮಾನದಲ್ಲಿ ಸಂಸ್ಥಾನದ ಸಾಲ 50 ಲಕ್ಷ ರ್ಯೋ (ಆಗಿನ ಚಿನ್ನದ ನಾಣ್ಯದ ಲೆಕ್ಕ) ಆಯ್ತು, ಜುಶೊ ಹಿರೊಸಾತೊ ಅನ್ನೋ ಅಧಿಕಾರಿ ಸಾಲ ಕೊಟ್ಟ ವ್ಯಾಪಾರಿಗಳಿಗೆ ಬಡ್ಡಿ ಇಲ್ಲ, 250 ವರ್ಷದ ಕಂತು ಅಂದುಬಿಟ್ಟ. ಇನ್ನೊಂದು ಕಡೆ ಅಮಾಮಿ ರೈತರ ಕತ್ತು ಹಿಸುಕಿದ. ಗದ್ದೆ ತುಂಬಾ ಕಬ್ಬೇ ಹಾಕ್ಬೇಕು, ಬೆಲ್ಲ ಅಷ್ಟೂ ಸಂಸ್ಥಾನಕ್ಕೇ ಕೊಡ್ಬೇಕು, ಊರಲ್ಲಿ ದುಡ್ಡು ಓಡಾಡೋ ಹಾಗೇ ಇಲ್ಲ, ಪಾಲು ಕಟ್ಟೋಕಾಗ್ದೇ ಎಷ್ಟೋ ಜನ ಇನ್ನೊಬ್ರ ಮನೇಲಿ ಜೀತಕ್ಕೆ ಬಿದ್ರು.

1851ರಲ್ಲಿ ಪಟ್ಟಕ್ಕೆ ಬಂದ ನರಿಆಕಿರಾನ ಎಲ್ರೂ ಹೊಗಳ್ತಾರೆ, ನಾನೂ ಹೊಗಳ್ತೀನಿ, ಕಬ್ಬಿಣ ಕರಗಿಸೋ ಕುಲುಮೆ, ಹಡಗು, ಕೆಂಪು ಗಾಜು ಎಲ್ಲಾ ಮಾಡಿಸಿದ ಪುಣ್ಯಾತ್ಮ ಅವ್ನು. ಅವನು ತೀರ್ಕೊಂಡ್ಮೇಲೆ 1863ರಲ್ಲಿ ಬ್ರಿಟಿಷ್ ನೌಕಾಪಡೆ ಬಂದು ಕಾಗೊಶಿಮಾ ಸುಟ್ಟರೂ, 1865ರಲ್ಲಿ ಅದೇ ಬ್ರಿಟನ್‌ಗೆ ಕಲಿಯೋಕೆ 19 ಜನರನ್ನ ಕದ್ದುಮುಚ್ಚಿ ಕಳಿಸಿದ್ರು ನೋಡು, ಎಂಥಾ ದೂರದೃಷ್ಟಿ! ಅವರಲ್ಲೊಬ್ಬ, ಮೋರಿ ಅರಿನೋರಿ, ಮುಂದೆ ಜಪಾನಿನ ಮೊದಲ ಶಿಕ್ಷಣ ಮಂತ್ರಿ ಆದ. ಚೋಶೂ ಅನ್ನೋ ಇನ್ನೊಂದು ಸಂಸ್ಥಾನದ ಜೊತೆ ಸೇರ್ಕೊಂಡು ತೊಕುಗಾವಾರನ್ನ ಇಳಿಸಿದ್ದೂ ಇದೇ ಸತ್ಸುಮಾ. ಇದಕ್ಕೆಲ್ಲಾ ಬೇಕಾದ ದುಡ್ಡಲ್ಲಿ ಅಮಾಮಿ ರೈತರ ಬೆವರಿದೆ, ಅದನ್ನ ಬಿಟ್ಟು ಕತೆ ಹೇಳಿದ್ರೆ ನಂಗೆ ಒಪ್ಪಿಗೆ ಆಗಲ್ಲ.

ಕಾಗೊಶಿಮಾಗೆ ಹೋದ್ರೆ ಇವರ ಸೆಂಗನ್-ಎನ್ ತೋಟ ನೋಡು, 1658ರದ್ದು, ಎದುರಿಗೇ ಕೊಲ್ಲಿ ಆಚೆ ಸಕುರಾಜಿಮಾ ಜ್ವಾಲಾಮುಖಿ. ಅಲ್ಲೇ ಕುಲುಮೆಯ ಕಲ್ಲಿನ ತಳಪಾಯ ಉಳಿದಿದೆ, ಕೋಟೆ ಗೋಡೆ ಥರ ಕಲ್ಲಿಗೆ ಕಲ್ಲು ಕೂರಿಸಿದಾರೆ, 2015ರಿಂದ ಯುನೆಸ್ಕೋ ಪಟ್ಟೀಲೂ ಇದೆ. ಇನ್ನೆರಡು ದಿನ ರಜೆ ಸಿಕ್ಕಿದ್ರೆ ಫೆರಿ ಹಿಡ್ಕೊಂಡು ಅಮಾಮಿಗೂ ಹೋಗಿಬಾ, ಅಲ್ಲಿ ಈಗ್ಲೂ ಕಬ್ಬು ಬೆಳೀತಾರೆ. ಟಿಕೆಟ್ ಬುಕ್ ಮಾಡೋ ಮುಂಚೆ ಒಂದ್ಸಲ ಫೋನ್ ಮಾಡು.

ಇಂತಿ ನಿನ್ನ,
ರಘು