ಒಣ ಎಲೆಕ್ಟ್ರೋಡ್: ಅಂಟಿಸಿದರಷ್ಟೇ ಸಾಲದು

ಮಾನ್ಯರೇ,

ಹಿಗ್ಗುವ ಒಣ ಎಲೆಕ್ಟ್ರೋಡ್ (ಚರ್ಮಕ್ಕೆ ಅಂಟಿ ಹೃದಯದ ವಿದ್ಯುತ್ ಸಂಕೇತ ಹಿಡಿಯುವ, ಜೆಲ್ ಇಲ್ಲದ ಪಟ್ಟಿ) ಹಚ್ಚಿಕೊಂಡರೆ ದಿನಗಟ್ಟಲೆ ಇಸಿಜಿ (ಆ ಸಂಕೇತದ ಗೆರೆ ದಾಖಲೆ) ತಾನಾಗಿ ಸಿಗುತ್ತದೆ ಎಂಬ ನಂಬಿಕೆ ಅರ್ಧ ಸತ್ಯ. ಜೆಲ್ ಎಲೆಕ್ಟ್ರೋಡ್ ಒಂದೆರಡು ದಿನದಲ್ಲಿ ಒಣಗುತ್ತದೆ, ಕೆಲವರಿಗೆ ತುರಿಕೆಯೂ ಬರುತ್ತದೆ. ಸಿಲಿಕೋನ್ ರಬ್ಬರಿನಲ್ಲಿ ಬೆಳ್ಳಿಯ ನ್ಯಾನೊತಂತಿಯನ್ನೋ (ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ) ಇಂಗಾಲದ ಪುಡಿಯನ್ನೋ ಬೆರೆಸಿದ ಒಣ ಪಟ್ಟಿಗೆ ಆ ತೊಂದರೆ ಕಡಿಮೆ. ಆದರೆ ಚರ್ಮದಿಂದ ಪಟ್ಟಿಗೆ ಸಂಕೇತ ದಾಟಿಸಲು ಜೆಲ್ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಬೆವರೇ ಮಾಡಬೇಕು! ಹಾಗಾಗಿ ಬೆವರು ಸೇರುವವರೆಗೆ, ಮೊದಲ ಕೆಲವು ನಿಮಿಷ, ಸಂಪರ್ಕದ ವಿದ್ಯುತ್ ತಡೆ ಹೆಚ್ಚಿದ್ದು ಗೆರೆ ನಡುಗುತ್ತದೆ. ಆಗಲೇ ಕಿತ್ತು ಬೇರೆಡೆ ಅಂಟಿಸಿದರೆ ಮತ್ತೆ ಮೊದಲಿಂದ ಶುರು. 10–15 ನಿಮಿಷ ಕಾಯಿರಿ.

ಅಂಟಿಸುವ ಮೊದಲು ಆ ಜಾಗದ ಕೂದಲನ್ನು ಕತ್ತರಿಸಿ, ಸೋಪಿನಿಂದ ತೊಳೆದು ಒರೆಸಿ. ಎಣ್ಣೆ, ಲೋಷನ್ ಬೇಡ. ಸ್ನಾಯು ಹೆಚ್ಚು ಆಡದ, ಎಲುಬಿನ ಮೇಲಿನ ಜಾಗ ಒಳ್ಳೆಯದು. ಸಂಕೇತವನ್ನು ಹಿಗ್ಗಿಸುವ ಆಂಪ್ಲಿಫೈಯರಿನ ಇನ್‌ಪುಟ್ ತಡೆ (ಸಂಕೇತ ಒಳಬರುವ ಕಡೆಯ ವಿದ್ಯುತ್ ತಡೆ) ನೂರಾರು ಮೆಗಾಓಮ್ ಇರಲಿ.

ಪದೇಪದೇ ಹಿಗ್ಗಿದಾಗ ಒಳಗಿನ ಬೆಳ್ಳಿ ಅಥವಾ ಇಂಗಾಲದ ವಾಹಕ ಜಾಲ ಬಿರುಕು ಬಿಡುತ್ತದೆ. ಮೆದು ಪಟ್ಟಿ ತಂತಿ ಸಿಕ್ಕಿಸುವ ಗಟ್ಟಿ ಗುಂಡಿಯನ್ನು ಸೇರುವ ಅಂಚನ್ನು ಮುಖ್ಯವಾಗಿ ಗಮನಿಸಿ, ಎಳೆತವೆಲ್ಲ ಬೀಳುವುದು ಅಲ್ಲೇ.

ಅಲುಗಾಟ ಮರೆಸಲು 0.5 ಹರ್ಟ್ಸ್ ಫಿಲ್ಟರ್ (ಅದಕ್ಕಿಂತ ನಿಧಾನದ ಏರಿಳಿತ ತೆಗೆಯುವಂಥದ್ದು) ಹಾಕಿದರೆ ಗೆರೆ ನೆಟ್ಟಗಾಗುತ್ತದೆ, ಆದರೆ ಎಸ್‌ಟಿ ಭಾಗದ (ಹೃದಯಕ್ಕೆ ರಕ್ತ ಸಾಲುತ್ತಿದೆಯೇ ಎಂದು ವೈದ್ಯರು ನೋಡುವ ಗೆರೆಯ ತುಂಡು) ಆಕಾರ ಕೆಡಬಹುದು. ಅಂಥ ದಾಖಲೆಯಲ್ಲಿ ಬಡಿತದ ಲಯ ನೋಡಬಹುದು. ಹೃದಯಕ್ಕೆ ರಕ್ತ ಸಾಲುತ್ತಿದೆಯೇ ಎಂಬ ತೀರ್ಮಾನಕ್ಕೆ ಅದು ಸಾಲದು.

– ಬಯೋಮೆಡಿಕಲ್ ತಂತ್ರಜ್ಞರು