ಮುಟ್ಟಬೇಡಿ ಎಂದಿದ್ದ ನಾಣ್ಯವನ್ನು ಉಜ್ಜಿ ಕೊಟ್ಟಿದ್ದರ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ.

ವಿಷಯ: ನನ್ನ ಒಪ್ಪಿಗೆಯಿಲ್ಲದೆ ಬೆಳ್ಳಿ ನಾಣ್ಯವನ್ನು ಸ್ವಚ್ಛಗೊಳಿಸಿ ಅದರ ದರ್ಜೆಯನ್ನೂ ಮೌಲ್ಯವನ್ನೂ ಕೆಡಿಸಿರುವ ಕುರಿತು.

ಮಾನ್ಯರೇ,

ನಾಣ್ಯದ ಸ್ಥಿತಿ ನೋಡಿ ಅಂಕ ಕೊಡುವ ಗ್ರೇಡಿಂಗ್‌ಗೆ ಕಳುಹಿಸಿಕೊಡಿ ಎಂದು ನಿಮ್ಮ ಸಂಸ್ಥೆಗೆ ಎರಡು ಬೆಳ್ಳಿ ನಾಣ್ಯಗಳನ್ನು ಒಪ್ಪಿಸಿದ್ದೆ. ಒಂದಕ್ಕೆ ಹಳೆಯ ಪಿವಿಸಿ ಚೀಲದ ಹಸಿರು ಜಿಗುಟು ಅಂಟಿತ್ತು. ಅದನ್ನು ತೆಗೆಯಬೇಕೆಂದು ಅರ್ಜಿಯಲ್ಲಿ ಬರೆದಿದ್ದೆ. ಇನ್ನೊಂದರ ಮುಂದಿದ್ದ ‘ಸ್ವಚ್ಛತೆ’ ಎಂಬ ಚೌಕವನ್ನು ಖಾಲಿ ಬಿಟ್ಟು, ಪಕ್ಕದಲ್ಲಿ ‘ಮುಟ್ಟಬೇಡಿ’ ಎಂದು ಕೈಯಲ್ಲೇ ಬರೆದಿದ್ದೆ. ಎರಡೂ ಮರಳಿ ಬಂದಿವೆ. ಕೈಯಿಂದ ಕೈಗೆ ಓಡಾಡಿ ಸವೆದಿದ್ದ ಮೊದಲನೆಯದಕ್ಕೆ 70ಕ್ಕೆ 45 ಅಂಕ ಸಿಕ್ಕಿದೆ. ಚಲಾವಣೆಯನ್ನೇ ಕಾಣದ ಎರಡನೆಯದಕ್ಕೆ ಅಂಕವೇ ಇಲ್ಲ. ಅದರ ಚೀಟಿಯಲ್ಲಿರುವುದು ‘ಅನ್‌ಸರ್ಕ್ಯುಲೇಟೆಡ್ ಡೀಟೇಲ್ಸ್ – ಕ್ಲೀನ್ಡ್’ ಎಂಬ ಮಾತು. ನಾಣ್ಯ ಸವೆದಿಲ್ಲ, ಆದರೆ ಯಾರೋ ಉಜ್ಜಿ ಕೆಡಿಸಿದ್ದಾರೆ ಎಂದು ಅದರ ಅರ್ಥ. ಆ ‘ಯಾರೋ’ ನೀವು.

ದೂರವಾಣಿಯಲ್ಲಿ ಕೇಳಿದಾಗ ನಿಮ್ಮ ಪ್ರತಿನಿಧಿ, ‘ಕಪ್ಪಾಗಿತ್ತು ಸರ್, ಉಚಿತವಾಗಿ ಹೊಳಪು ಬರಿಸಿಕೊಟ್ಟಿದ್ದೇವೆ’ ಎಂದರು. ಶುಲ್ಕ ತೆಗೆದುಕೊಂಡು ಮಾಡಿದ ಕೆಲಸ ಸರಿಯಾಗಿದೆ, ಉಚಿತವಾಗಿ ಮಾಡಿದ್ದು ನನ್ನನ್ನು ಮುಳುಗಿಸಿದೆ.

ಅದು ಕಪ್ಪಾಗಿರಲಿಲ್ಲ. ನನ್ನ ತಂದೆ ಅದನ್ನು ದಶಕಗಳ ಕಾಲ ಕಾಗದದ ಲಕೋಟೆಯೊಂದರಲ್ಲಿ ಇಟ್ಟಿದ್ದರು. ಕಾಗದದಲ್ಲಿರುವ ಗಂಧಕದ ಅಂಶ ಬೆಳ್ಳಿಯ ಮೇಲೆ ಬಹಳ ತೆಳುವಾದ ಸಲ್ಫೈಡ್ ಪದರವನ್ನು ಕಟ್ಟುತ್ತದೆ. ನೀರಿನ ಮೇಲೆ ಹರಡಿದ ಎಣ್ಣೆಯಲ್ಲಿ ಬಣ್ಣಗಳು ಕಾಣುವ ಹಾಗೆಯೇ ಆ ಪದರದ ದಪ್ಪಕ್ಕೆ ತಕ್ಕಂತೆ ಬಣ್ಣ ಬದಲಾಗುತ್ತದೆ. ನನ್ನ ನಾಣ್ಯದ ಅಂಚಿನಲ್ಲಿ ನೀಲಿ, ಒಳಕ್ಕೆ ಬಂದಂತೆ ಕೆನ್ನೇರಳೆ, ನಟ್ಟನಡುವೆ ತೆಳು ಹೊಂಬಣ್ಣ ಇತ್ತು. ಸಂಗ್ರಾಹಕರು ಇದನ್ನು ಟೋನಿಂಗ್ ಎನ್ನುತ್ತಾರೆ. ಚೆನ್ನಾಗಿ ಕೂತ ಟೋನಿಂಗ್‌ಗಾಗಿಯೇ ಹೆಚ್ಚು ಕೊಡುವವರಿದ್ದಾರೆ. ಒಪ್ಪಿಸುವ ಮೊದಲು ತೆಗೆದ ಆರು ಛಾಯಾಚಿತ್ರಗಳನ್ನು ಲಗತ್ತಿಸಿದ್ದೇನೆ. ಕಪ್ಪು ಎಲ್ಲಿದೆಯೋ ತೋರಿಸಿ.

ಈಗಿನ ಸ್ಥಿತಿಯನ್ನೂ ಹೇಳುತ್ತೇನೆ. ಮೊದಲು ಒಂದೇ ದೀಪದ ಕೆಳಗೆ ನಾಣ್ಯವನ್ನು ಸ್ವಲ್ಪ ಓರೆ ಮಾಡಿ ತಿರುಗಿಸಿದರೆ ಬೆಳಕಿನ ಪಟ್ಟಿಗಳು ಗಾಡಿಯ ಚಕ್ರದ ಕಡ್ಡಿಗಳಂತೆ ಅದರ ಮೈಮೇಲೆ ಸುತ್ತುತ್ತಿದ್ದವು. ಈಗ ಬೆಳಕು ಒಂದೇ ಕಡೆ ಬಿಮ್ಮನೆ ನಿಲ್ಲುತ್ತದೆ. ಗ್ರೇಡಿಂಗ್ ಮಾಡಿದವರು ನಾಣ್ಯವನ್ನಿಟ್ಟು ಮೊಹರು ಮಾಡಿದ ಪಾರದರ್ಶಕ ಪೆಟ್ಟಿಗೆಯ ಹೊರಗಿನಿಂದಲೇ ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು ನೋಡಿದೆ. ಮುಖದ ಕೆನ್ನೆಯ ಮೇಲೆ ಕೂದಲೆಳೆಯಷ್ಟು ಸಣ್ಣ ಗೀರುಗಳು, ನೂರಾರು, ಎಲ್ಲವೂ ಒಂದೇ ದಿಕ್ಕಿಗೆ. ಅಕ್ಷರಗಳ ಬುಡಕ್ಕೆ ಬಂದಾಗ ನಿಂತುಬಿಡುತ್ತವೆ, ಏಕೆಂದರೆ ನಿಮ್ಮ ಬಟ್ಟೆ ಅಲ್ಲಿಗೆ ಇಳಿದಿಲ್ಲ. ಅಲ್ಲಿ ಹಳೆಯ ಬಣ್ಣ ಇನ್ನೂ ಗೆರೆಯಂತೆ ಉಳಿದಿದೆ. ಇಸವಿಯ 8ರ ಕೆಳಗಿನ ಸೊನ್ನೆಯೊಳಗೆ ಒಣಗಿದ ಬಿಳಿ ಪುಡಿ ಕೂತಿದೆ. ದ್ರಾವಣದಲ್ಲಿ ಅದ್ದಿ ತೆಗೆದೆವು, ಉಜ್ಜಿಲ್ಲ ಎಂದು ನಿಮ್ಮ ಇ-ಮೇಲ್ ಹೇಳುತ್ತದೆ. ಅದ್ದಿದ ನಾಣ್ಯದಲ್ಲಿ ಪಾಲಿಶ್ ಪುಡಿ ಎಲ್ಲಿಂದ ಬಂತು?

ಅದೇ ಇ-ಮೇಲ್‌ನಲ್ಲಿ, ಮೊದಲೂ ಆಮೇಲೂ ತೂಗಿದ್ದೇವೆ, ಗ್ರಾಂನ ನೂರನೇ ಒಂದು ಭಾಗವೂ ಕಡಿಮೆಯಾಗಿಲ್ಲ, ಹಾಗಾಗಿ ಹೋಗಿರುವುದು ಕೊಳೆ ಮಾತ್ರ ಎಂದಿದ್ದೀರಿ. ಈ ವ್ಯವಹಾರದಲ್ಲಿರುವವರು ಹೀಗೆ ಬರೆಯುವುದನ್ನು ಓದಿ ನನಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಯಿತು. ಅಚ್ಚು ಬಲವಾಗಿ ಬಡಿದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿದು, ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಗೆರೆಗಳನ್ನು ಉಳಿಸುತ್ತದೆ. ಟಂಕಸಾಲೆಯ ಹೊಳಪು ಎನ್ನುವುದು ಆ ಗೆರೆಗಳು ಬೆಳಕನ್ನು ಹಿಂದಿರುಗಿಸುವ ರೀತಿ, ಬೇರೇನೂ ಅಲ್ಲ. ಪೇಸ್ಟ್ ಹಚ್ಚಿ ಉಜ್ಜಿದರೆ ಅವು ಅಳಿಸಿಹೋಗುತ್ತವೆ. ಆಮ್ಲವೂ ಥಯೋಯೂರಿಯಾವೂ ಇರುವ ದ್ರಾವಣದಲ್ಲಿ ಅದ್ದಿದರೂ ಸಲ್ಫೈಡ್ ಜೊತೆಗೆ ಮೇಲ್ಪದರದ ಬೆಳ್ಳಿ ಹೋಗುತ್ತದೆ. ಒಂದೆರಡು ಬಾರಿ, ಕೆಲವೇ ಕ್ಷಣ ಅದ್ದಿದರೆ ಮೇಲ್ನೋಟಕ್ಕೆ ಗೊತ್ತಾಗಲಿಕ್ಕಿಲ್ಲ, ಹೆಚ್ಚಾದರೆ ಮೈ ಸತ್ತಂತೆ ಮಂಕಾಗುತ್ತದೆ. ಅಷ್ಟು ತೆಳುವಾದದ್ದು ನಿಮ್ಮ ತಕ್ಕಡಿಗೆ ಸಿಗುವುದಿಲ್ಲ. ಗ್ರೇಡಿಂಗ್ ಮಾಡುವವರ ಕಣ್ಣಿಗೆ ಸಿಗುತ್ತದೆ, ಸಿಕ್ಕಿದೆ.

ಸ್ವಚ್ಛತೆಯೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಹಾಗಿದ್ದರೆ ಮೊದಲನೆಯ ನಾಣ್ಯವನ್ನು ನಿಮ್ಮ ಕೈಗೆ ಕೊಡುತ್ತಲೇ ಇರಲಿಲ್ಲ. ಪಿವಿಸಿ ಜಿಗುಟನ್ನು ಬಿಟ್ಟರೆ ಅದು ಲೋಹವನ್ನೇ ತಿನ್ನುತ್ತದೆ, ಮತ್ತು ಶುದ್ಧ ಅಸಿಟೋನ್ ಅದನ್ನು ಕರಗಿಸುವುದೇ ಹೊರತು ಬೆಳ್ಳಿಗೆ ಏನೂ ಮಾಡುವುದಿಲ್ಲ. ಆ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದೀರಿ, ಒಪ್ಪುತ್ತೇನೆ. ಮಣ್ಣಿನಡಿಯಿಂದ ಬಂದ ಪ್ರಾಚೀನ ನಾಣ್ಯಗಳನ್ನಂತೂ ಬಹುಪಾಲು ತೊಳೆದೇ ಇಟ್ಟುಕೊಳ್ಳುತ್ತಾರೆ. ತೊಳೆಯದಿದ್ದರೆ ಅದರ ಮೇಲೇನಿದೆ ಎಂದೇ ತಿಳಿಯುವುದಿಲ್ಲ. ನಾಣ್ಯದ ಮೇಲೆ ಕೂತಿರುವ ಹೊರಗಿನ ವಸ್ತುವನ್ನು ತೆಗೆಯುವುದು ಬೇರೆ, ನಾಣ್ಯದ ಮೈಯನ್ನೇ ಕೆರೆಯುವುದು ಬೇರೆ. ಈ ಎರಡರ ನಡುವಿನ ವ್ಯತ್ಯಾಸ ತಿಳಿದವರೆಂದೇ ನಿಮಗೆ ಶುಲ್ಕ ಕೊಟ್ಟಿದ್ದು.

ಅಂಕವಿಲ್ಲದಿದ್ದರೆ ಏನಾಯಿತು, ನಾಣ್ಯ ಅದೇ ಅಲ್ಲವೇ ಎಂದೂ ನಿಮ್ಮವರು ಕೇಳಿದರು. ನಾಣ್ಯತಜ್ಞ ವಿಲಿಯಂ ಶೆಲ್ಡನ್ 1949ರಲ್ಲಿ ಅಮೆರಿಕದ ದೊಡ್ಡ ಸೆಂಟ್ ನಾಣ್ಯಗಳಿಗೆಂದು ರೂಪಿಸಿದ 1ರಿಂದ 70ರ ಮಾಪಕವನ್ನೇ ಇಂದು ಗ್ರೇಡಿಂಗ್ ಸಂಸ್ಥೆಗಳು ಬಳಸುತ್ತಿವೆ. 60ರಿಂದ ಮೇಲಿನದೆಲ್ಲ ಸವೆಯದ ನಾಣ್ಯ. ಅಲ್ಲಿ ಒಂದೊಂದು ಅಂಕಕ್ಕೂ ಬೆಲೆ ಬೇರೆಯಾಗುತ್ತದೆ. ಆ ಸಾಲಿನಲ್ಲಿ ನಿಲ್ಲಬೇಕಿದ್ದ ನಾಣ್ಯವನ್ನು ಸಾಲಿನಿಂದಲೇ ಹೊರಗೆ ಹಾಕಿಸಿದ್ದೀರಿ. ಕೊಳ್ಳುವವರು ಚೀಟಿಯ ಮೇಲೆ ‘ಕ್ಲೀನ್ಡ್’ ಎಂಬುದನ್ನು ಕಂಡ ಕೂಡಲೇ ಮಾತಿನ ಧಾಟಿ ಬದಲಾಗುತ್ತದೆ. ನಾನೂ ಕೊಳ್ಳುವವನಾಗಿ ಹಾಗೆಯೇ ಮಾಡಿದ್ದೇನೆ.

ಇಷ್ಟರ ಮೇಲೆ, ಬಣ್ಣವೇ ಬೇಕಿದ್ದರೆ ಪೆಟ್ಟಿಗೆ ಒಡೆದು ಮತ್ತೆ ಬಣ್ಣ ಬರಿಸಿಕೊಡುತ್ತೇವೆ ಎಂಬ ಕೊಡುಗೆ ಬೇರೆ! ಗಂಧಕ ತಾಗಿಸಿ ತರಾತುರಿಯಲ್ಲಿ ಬರಿಸಿದ ಬಣ್ಣ ಬಯಲಾದರೆ ಅದಕ್ಕೂ ಅಂಕ ಸಿಗುವುದಿಲ್ಲ. ಒಂದು ದೋಷದ ಜಾಗದಲ್ಲಿ ಎರಡು ಅಂಟಿಸಿಕೊಂಡು ಬರುತ್ತದೆ. ದಯವಿಟ್ಟು ಅದನ್ನು ಇನ್ನು ಮುಟ್ಟಬೇಡಿ.

ನಾನು ಕೇಳುವುದು ಇಷ್ಟು. ಎರಡನೆಯ ನಾಣ್ಯಕ್ಕೆ ತೆಗೆದುಕೊಂಡ ಎಲ್ಲ ಶುಲ್ಕವನ್ನು ಹಿಂದಿರುಗಿಸಬೇಕು. ನಮ್ಮಿಬ್ಬರಿಗೂ ಒಪ್ಪಿಗೆಯಾಗುವ ಮೌಲ್ಯಮಾಪಕರಿಗೆ ಹಳೆಯ ಛಾಯಾಚಿತ್ರಗಳನ್ನೂ ಈಗಿನ ನಾಣ್ಯವನ್ನೂ ತೋರಿಸಿ, ಅವರು ಹೇಳುವ ವ್ಯತ್ಯಾಸದ ಮೊತ್ತವನ್ನು ಕಟ್ಟಿಕೊಡಬೇಕು. ಅವರ ಶುಲ್ಕವೂ ನಿಮ್ಮದೇ. ಯಾವ ದ್ರಾವಣ, ಯಾವ ಪೇಸ್ಟ್ ಬಳಸಿದಿರಿ, ಎಷ್ಟು ಹೊತ್ತು, ಯಾರ ಅನುಮತಿಯಿಂದ ಎಂಬುದು ನನಗೆ ಬರಹದಲ್ಲಿ ಬೇಕು. ಅರ್ಜಿಯಲ್ಲಿ ಚೌಕ ಖಾಲಿ ಇದ್ದರೆ ನಾಣ್ಯವನ್ನು ತೊಳೆಯುವುದಿಲ್ಲ ಎಂಬ ಸಾಲನ್ನು ಸೇರಿಸಿ. ನನ್ನಂತೆ ‘ಮುಟ್ಟಬೇಡಿ’ ಎಂದು ಪಕ್ಕದಲ್ಲಿ ಬರೆಯುವ ಅಭ್ಯಾಸ ಎಲ್ಲರಿಗೂ ಇರುವುದಿಲ್ಲ, ಬರೆದರೂ ನೀವು ಓದುವುದಿಲ್ಲ.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇನೆ. ನಾಣ್ಯವನ್ನು ತೆಗೆದುಕೊಂಡು ಹೋಗಲು ಕೊರಿಯರ್ ಕಳುಹಿಸುತ್ತೇವೆ ಎಂದಿದ್ದೀರಿ, ಬೇಡ. ನೋಡಬೇಕಿದ್ದವರು ಇಲ್ಲಿಗೇ ಬಂದು, ನನ್ನೆದುರಿಗೆ ಕೂತು ನೋಡಲಿ. ಭೂತಗನ್ನಡಿ ನಾನೇ ಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಅರ್ಜಿಯ ಪ್ರತಿ, ಮೊದಲಿನ ಆರು ಛಾಯಾಚಿತ್ರಗಳು, ಈಗಿನ ನಾಲ್ಕು ಛಾಯಾಚಿತ್ರಗಳು, ಗ್ರೇಡಿಂಗ್ ಚೀಟಿಯ ಪ್ರತಿ, ನಿಮ್ಮ ಇ-ಮೇಲ್‌ನ ಪ್ರತಿ.