ಹಳೇ ಕಾರಿನ ಬೀಗವನ್ನೂ ಸ್ವಲ್ಪ ನೋಡಿ

ಸಂಪಾದಕರಿಗೆ ನಮಸ್ಕಾರ,

ಕಾರು ಕಳವಿನ ಮಾತು ಬಂದಾಗೆಲ್ಲ ಹೊಸ ಕಾರುಗಳ ರಿಮೋಟ್ ಕೀ ಬಗ್ಗೆಯೇ ಚರ್ಚೆ ನಡೆಯುತ್ತದೆ. ಹಳೇ ಕಾರು ಇಟ್ಟುಕೊಂಡವರು ಮಾತ್ರ ‘ನಮ್ಮ ಗಾಡಿ ಯಾರಿಗೆ ಬೇಕು’ ಅಂತ ಆರಾಮಾಗಿರುತ್ತಾರೆ. ಬೇಕು ಸ್ವಾಮಿ, ಖಂಡಿತ ಬೇಕು. ತಯಾರಿಕೆ ನಿಂತುಹೋದ ಮಾದರಿಯ ಬಿಡಿಭಾಗಗಳಿಗೆ ಗಿರಾಕಿಗಳು ಇದ್ದೇ ಇರುತ್ತಾರೆ, ಬಿಚ್ಚಿ ಮಾರಿದರೆ ಗುರುತೂ ಸಿಗುವುದಿಲ್ಲ. ಜೊತೆಗೆ ಕದಿಯುವುದೂ ಸುಲಭ.

ಈಗಿನ ಕಾರುಗಳ ಕೀಯೊಳಗೆ ಒಂದು ಚಿಪ್ ಇರುತ್ತದೆ. ಅದರ ಸಂಕೇತ ಹೊಂದದಿದ್ದರೆ ಎಂಜಿನ್ ಓಡುವುದೇ ಇಲ್ಲ. ಇದೇ ಇಮೊಬಿಲೈಸರ್. ಯುರೋಪಿನಲ್ಲಿ ಇದು ಹೊಸ ಕಾರುಗಳಿಗೆ ಕಡ್ಡಾಯವಾಗಿದ್ದೇ 1998ರಲ್ಲಿ. ಇದಿಲ್ಲದ ಕಾರಿಗೆ ಕೀ ಹಾಕುವ ಬೀಗ, ಅದರ ಜೊತೆಗಿರುವ ಸ್ಟೇರಿಂಗ್ ಲಾಕ್, ಇಷ್ಟೇ ಕಾವಲು.

ಆ ಬೀಗವೂ ಸವೆದಿರುತ್ತದೆ ಅನ್ನುವುದನ್ನೇ ನಾನು ಒತ್ತಿ ಹೇಳಬೇಕಾಗಿರುವುದು. ಅದರೊಳಗೆ ಹಿತ್ತಾಳೆಯ ಸಣ್ಣ ಸಣ್ಣ ಬಿಲ್ಲೆಗಳಿರುತ್ತವೆ, ವರ್ಷಗಟ್ಟಲೆ ಉಜ್ಜಿ ಉಜ್ಜಿ ಅವುಗಳ ಅಂಚು ಹೋಗಿರುತ್ತದೆ, ಕೀಯ ಹಲ್ಲುಗಳೂ ನುಣ್ಣಗಾಗಿರುತ್ತವೆ, ಆಮೇಲೆ ಬೇರೆ ಯಾವುದೋ ಕೀ ತೂರಿಸಿ ಸ್ವಲ್ಪ ಅಲ್ಲಾಡಿಸಿದರೂ ತಿರುಗಿಬಿಡುತ್ತದೆ. ನಿಮ್ಮ ಗಾಡಿ ನಿಂತಲ್ಲೇ ಸ್ಟಾರ್ಟ್ ಮಾಡಿ, ಕೀಯನ್ನು ಮೆಲ್ಲಗೆ ಹೊರಗೆಳೆದು ನೋಡಿ. ಎಂಜಿನ್ ಓಡುತ್ತಿರುವಾಗಲೇ ಕೀ ಕೈಗೆ ಬಂದರೆ ಬೀಗದ ಕತೆ ಮುಗಿದಿದೆ ಅಂತಲೇ ತಿಳಿಯಿರಿ. ಇಂಥ ಸವೆದ ಕೀಗೆ ನಕಲು ಮಾಡಿಸಿದರೆ ಸವೆತವೂ ನಕಲಾಗುತ್ತದೆ. ಕೀ ನಂಬರ್ (ಕೀಯ ಮೂಲ ಹಲ್ಲುಗಳ ಅಳತೆ ತಿಳಿಸುವ ಕಂಪನಿಯ ಸಂಖ್ಯೆ) ಸಿಕ್ಕಿದರೆ ಅದರಿಂದಲೇ ಹೊಸದು ಕತ್ತರಿಸಿಕೊಳ್ಳಿ, ಬೀಗ ಹೋಗಿದ್ದರೆ ಬೀಗವನ್ನೇ ಬದಲಿಸಿ.

ಇನ್ನೊಂದು ಉಪಾಯ ಮರೆಯಲ್ಲಿ ಕೂರಿಸುವ ಕಟ್-ಆಫ್ ಸ್ವಿಚ್. ಪೆಟ್ರೋಲ್ ಗಾಡಿಯಾದರೆ ಇಗ್ನಿಷನ್ ಕಾಯಿಲ್‌ಗೆ ಹೋಗುವ ಕರೆಂಟ್ ತಪ್ಪಿಸಿದರೆ ಸಾಕು, ಕಿಡಿಯೇ ಹುಟ್ಟುವುದಿಲ್ಲ. ಪೆಟ್ರೋಲಿಗೆ ಗಾಳಿ ಬೆರೆಸುವ ಹಳೇ ಕಾಲದ ಕಾರ್ಬ್ಯುರೇಟರ್ ಇದ್ದರೆ ಬರೀ ಫ್ಯೂಯಲ್ ಪಂಪ್ ನಿಲ್ಲಿಸಿ ಪ್ರಯೋಜನ ಕಡಿಮೆ, ಅದರ ಬಟ್ಟಲಿನಲ್ಲಿ ಉಳಿದ ಪೆಟ್ರೋಲಿನಲ್ಲೇ ಗಾಡಿ ಸ್ವಲ್ಪ ದೂರ ಹೋಗಿಬಿಡುತ್ತದೆ. ಈ ಕೆಲಸ ಮಾತ್ರ ಬಲ್ಲ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಿ. ತೆಳು ವೈರಿಗೆ ಸುಮ್ನೆ ಟೇಪ್ ಸುತ್ತಿಬಿಟ್ಟರೆ ಅದು ಕಾದು ಬೆಂಕಿ ಹತ್ತುವ ಭಯ. ಓಡುವಾಗ ಕಾಲೋ ಕೈಯೋ ತಗುಲಿ ಎಂಜಿನ್ ನಿಂತರೆ ಬ್ರೇಕ್ ಗಟ್ಟಿಯಾಗುತ್ತದೆ, ಜೀವಕ್ಕೇ ಅಪಾಯ. ಹಾಗಾಗಿ ಸ್ವಿಚ್ ಇರುವ ಜಾಗವನ್ನು ಯೋಚಿಸಿ ಆರಿಸಬೇಕು.

ಇದೇನೂ ಹೊಸ ಯೋಚನೆಯಲ್ಲ. 1940ರಲ್ಲಿ ಬ್ರಿಟನ್ನಿನಲ್ಲಿ ಶತ್ರು ಸೈನಿಕರು ಇಳಿಯಬಹುದೆಂಬ ಭಯಕ್ಕೆ, ನಿಲ್ಲಿಸಿದ ಕಾರು ಯಾರಿಗೂ ಓಡದ ಹಾಗೆ ಮಾಡಿ ಹೋಗಬೇಕು ಅಂತ ನಿಯಮವಿತ್ತು. ಎಷ್ಟೋ ಜನ ಡಿಸ್ಟ್ರಿಬ್ಯೂಟರಿನ (ಸ್ಪಾರ್ಕ್ ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಭಾಗ) ಒಳಗೆ ತಿರುಗುವ ರೋಟರ್ ಎಂಬ ತುಂಡನ್ನು ಕಳಚಿ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಡಿಸ್ಟ್ರಿಬ್ಯೂಟರ್ ಇರುವ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವವರು ಈಗಲೂ ಹಾಗೆ ಮಾಡಬಹುದು.

ಹೊರಗಿನಿಂದ ಕಾಣುವ ಸ್ಟೇರಿಂಗ್ ಬಾರ್, ಗೇರ್ ಲಾಕ್ ಕೂಡ ಬೇಕು. ಮುರಿಯಲಾಗದ್ದೇನಲ್ಲ, ಆದರೆ ಕಳ್ಳನಿಗೆ ಸಮಯ ಹಿಡಿಯುತ್ತದೆ, ಅವನಿಗೆ ಬೇಡವಾದದ್ದೂ ಅದೇ ಅಲ್ವಾ. ಹಳೇ ಗಾಡಿಗೆ ಜಾಸ್ತಿ ಜನ ಥರ್ಡ್ ಪಾರ್ಟಿ ವಿಮೆ ಮಾತ್ರ ಮಾಡಿಸಿರುತ್ತಾರೆ. ಕಳವಾದರೆ ಅದರಿಂದ ಬಿಡಿಗಾಸೂ ಬರುವುದಿಲ್ಲ.

ಸರ್ವೀಸ್ ಮಾಡುವವರಲ್ಲಿ ಒಂದು ವಿನಂತಿ. ಹಳೇ ಕಾರು ಬಂದಾಗ ಆಯಿಲ್, ಬ್ರೇಕ್ ನೋಡುವ ಹಾಗೆ ಕೀ ಬೀಗವನ್ನೂ ಪರೀಕ್ಷಿಸಿ ಮಾಲೀಕರಿಗೆ ಹೇಳಿ. ಅದಕ್ಕೆ ಎರಡು ನಿಮಿಷವೂ ಬೇಡ.

— ಒಬ್ಬ ಓದುಗ